ಹೊಳೆವ್ವ ಕಲಿತ ಮನೆಪಾಠ

ಒಂದು ಕಾಲಕ್ಕೆ ಅಬಲೂರಿನಲ್ಲಿ ಹೊಳೆವ್ವನ ದನಿ ಕೇಳದೆ ಹೊತ್ತು ಮುಳುಗುತ್ತಿರಲಿಲ್ಲ. ಅವಳು ಮನೆಯ ಕಟ್ಟೆಯ ಮೇಲೆ ನಿಂತು ಗಂಡನನ್ನು ಊಟಕ್ಕೆ ಕೂಗಿದರೆ, ಹಳ್ಳದಾಚೆ ಎಡೆಕುಂಟೆ ಹೊಡೆಯುತ್ತಿದ್ದ ಶಿದ್ಲಿಂಗಪ್ಪನ ಜೊತೆಗೆ ಅಕ್ಕಪಕ್ಕದ ಹೊಲದವರೂ ಎತ್ತು ಬಿಟ್ಟು ಬುತ್ತಿ ಬಿಚ್ಚುತ್ತಿದ್ದರು. ಮದುವೆಯ ಮನೆಯಲ್ಲಿ ಸೋಬಾನೆ ಎತ್ತಿಕೊಡುವುದಕ್ಕೆ ಅವಳೇ ಬೇಕು, ಬೀಗರ ಕಡೆಯವರು ಮಾತಿಗೆ ಮಾತು ಬೆಳೆಸಿದರೆ ಅವರ ಬಾಯಿ ಮುಚ್ಚಿಸುವುದಕ್ಕೂ ಅವಳೇ ಬೇಕು.

ಐವತ್ತು ದಾಟಿದ ಮೇಲೆ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತು. ಮೊದಲು ಬಾರೆಹಣ್ಣಿನಷ್ಟಿತ್ತು, ನೋಡನೋಡುತ್ತ ನಿಂಬೆಹಣ್ಣಾಯಿತು. ಗಡ್ಡೆ ದನಿಯ ನರಕ್ಕೇ ಅಂಟಿಕೊಂಡಿದೆ, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುತ್ತದೆಂದು ಮಾತು ಕೊಡಲಾರೆವು ಎಂದು ವೈದ್ಯರು ಮುಂಚೆಯೇ ತಿಳಿಸಿ ಹೇಳಿದ್ದರು. ಹೊಳೆವ್ವ ತಡಮಾಡದೆ ಆಗಲಿ ಎಂದಳು. ಜೀವ ಉಳಿಯಿತು. ದನಿ ಹೋಯಿತು. ಉಳಿದದ್ದು ಒಣಗಿದ ಜೋಳದ ರವುದಿ ಎಲೆಗಳ ಮೇಲೆ ಗಾಳಿ ಆಡಿದಂಥ ಒಂದು ಪಿಸುಮಾತು.

ಪಿಸುಮಾತಿನವಳಿಗೆ ಊರಿನಲ್ಲಿ ಕೆಲಸ ಕಡಿಮೆ. ಹಿಟ್ಟಿನ ಗಿರಣಿಯಲ್ಲಿ ಅವಳು ಹೇಳಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಕಿರಾಣಿ ಅಂಗಡಿಯವನು ಅವಳ ಮುಖ ಬಿಟ್ಟು ಹಿಂದೆ ನಿಂತ ಗಂಡನ ಮುಖ ನೋಡಿ ಏನು ಬೇಕೆಂದು ಕೇಳುತ್ತಿದ್ದ. ಎದುರು ಕೂತ ಹೆಂಗಸರು ಅವಳ ಮಾತು ಮುಗಿಯುವುದರೊಳಗೆ ಬೇರೆ ಮಾತು ಎತ್ತಿರುತ್ತಿದ್ದರು. ಯಾರಲ್ಲೂ ಕೆಟ್ಟ ಬುದ್ಧಿ ಇರಲಿಲ್ಲ, ಆದರೂ ಹೊಳೆವ್ವ ಬರಬರುತ್ತ ಹೊರಗೆ ಹೋಗುವುದನ್ನೇ ಬಿಟ್ಟಳು. ಹೇಳಬೇಕಾದ್ದನ್ನು ಶಿದ್ಲಿಂಗಪ್ಪನ ಕಿವಿಯಲ್ಲಿ ಹೇಳುವಳು, ಅವನು ಅದರಲ್ಲಿ ಅರ್ಧವನ್ನು ಊರಿಗೆ ಮುಟ್ಟಿಸುವನು.

ಮಗಳು ಶೈಲಶ್ರೀ ಹಾನಗಲ್ಲಿನಲ್ಲಿ ಹೈಸ್ಕೂಲು ಮಾಸ್ತರಿಕೆ ಮಾಡುತ್ತಾಳೆ. ಅವ್ವ ಗೋಡೆಗೆ ಒರಗಿ ಕೂತು ದಿನ ತಳ್ಳುವುದನ್ನು ನೋಡಲಾರದೆ ಒಂದು ಸಲ ಊರಿಗೆ ಬರುವಾಗ ಕೈಚೀಲದಲ್ಲಿ ಒಂದು ನಾಯಿಮರಿ ಹಾಕಿಕೊಂಡು ಬಂದಳು. ತಂದೆ ಮುಧೋಳದ ಬೇಟೆನಾಯಿ, ತಾಯಿ ಹಾನಗಲ್ಲಿನ ಸಂತೆಪೇಟೆಯ ಬೀದಿನಾಯಿ. ಶಿದ್ಲಿಂಗಪ್ಪ ಮೊದಮೊದಲು ಗೊಣಗಿದ. ಹೊಳೆವ್ವ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಅದರ ಜಿಂಕೆಯಂಥ ತೆಳು ನಡು, ಉದ್ದ ಕಾಲು ನೋಡಿ ಚಿಗರಿ ಎಂದು ಹೆಸರಿಟ್ಟಳು.

ಮರಿಯಿದ್ದಾಗ ಚಿಗರಿ ಅವಳ ಕಾಲಿಗೆ ತೊಡರಿಕೊಂಡೇ ಬೆಳೆಯಿತು. ಬೆಳೆದ ಮೇಲೆ ಅದಕ್ಕೆ ಓಡುವುದೊಂದೇ ಧ್ಯಾನ. ಹೊಲದ ಬದುವಿನ ಮೇಲೆ ಅದು ಬಿಲ್ಲಿನಂತೆ ಮೈ ಬಗ್ಗಿಸಿ ಓಡುವುದನ್ನು ನೋಡಿದರೆ ಹೊಳೆವ್ವನಿಗೆ ಎದೆ ತುಂಬಿ ಬರುತ್ತಿತ್ತು. ಆದರೆ ಓಡಿಹೋದದ್ದನ್ನು ಕರೆಯುವವರು ಯಾರು? ಅವಳು ಬಾಯಿ ತೆರೆದರೆ ಗಾಳಿ ಬರುತ್ತಿತ್ತೇ ಹೊರತು ಕೂಗು ಬರುತ್ತಿರಲಿಲ್ಲ. ಚಿಗರಿ ತನಗೆ ಸಾಕೆನಿಸಿದಾಗ ತಾನೇ ತಿರುಗಿ ಬರುತ್ತಿತ್ತು.

ದಸರೆಯ ಹೊತ್ತಿಗೆ ಅನಾಹುತ ಆಯಿತು. ಕುರುಬರ ಮೈಲಾರಲಿಂಗ ತನ್ನ ಹಿಂಡನ್ನು ಹಳ್ಳದ ದಂಡೆಗೆ ಮೇಯಿಸಲು ತಂದಿದ್ದ. ಚಿಗರಿ ಹಿಂಡಿನೊಳಗೆ ನುಗ್ಗಿತು. ಕಚ್ಚಲಿಲ್ಲ, ಅಟ್ಟಿತು ಅಷ್ಟೇ. ಅಟ್ಟಿದ್ದೇ ಸಾಕಾಯಿತು. ಗಬ್ಬದ ಕುರಿಯೊಂದು ಕಲ್ಲಿನ ಒಡ್ಡಿನಿಂದ ಕೆಳಗೆ ಹಾರಿ ಕಾಲು ಮುರಿದುಕೊಂಡಿತು, ಮರಿಯೂ ಉಳಿಯಲಿಲ್ಲ. ಹೊಳೆವ್ವ ಬದುವಿನ ಮೇಲೆ ನಿಂತು ಎರಡೂ ಕೈ ಬೀಸಿ ಬಾಯಿ ಬಾಯಿ ಬಿಟ್ಟಳು. ಒಂದು ಅಕ್ಷರವೂ ಹೊರಡಲಿಲ್ಲ.

ಸಂಜೆ ಮೈಲಾರಲಿಂಗ ಮನೆಗೆ ಬಂದ. ಅವನು ಕೂಗಾಡುವನೆಂದು ಶಿದ್ಲಿಂಗಪ್ಪ ಎದ್ದು ನಿಂತಿದ್ದ. ಆದರೆ ಅವನು ಕಟ್ಟೆಯ ಮೇಲೆ ಕೂತು ತಗ್ಗಿದ ದನಿಯಲ್ಲೇ ಮಾತಾಡಿದ.

"ಯಕ್ಕಾ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಕುರಿ ಅಂದ್ರ ನನಗ ಮಕ್ಕಳಿದ್ದಂಗ. ನಾಳೆ ನಾನು ಹಿಂಡು ಹೊಡಕೊಂಡು ಹಾನಗಲ್ ಕಡೆ ಭತ್ತದ ಗದ್ದಿಗೆ ಹೊಂಟೇನಿ. ಮುಂಗಾರಿನ ಮೊದಲ ತಿರುಗಿ ಬರ್ತೇನಿ. ಅಷ್ಟರಾಗ ಈ ನಾಯೀನ ಹದ್ದಬಸ್ತಿಗೆ ತರ್ರಿ, ಇಲ್ಲಾ ಎಲ್ಲೆರ ಸಾಗಿಸ್ರಿ. ಇನ್ನೊಂದ ಸಲ ಹಿಂಡಿಗೆ ಬಿತ್ತಂದ್ರ ನಾನು ನೋಡಕೋತ ಕೂಡ್ರಂಗಿಲ್ಲ."

ಅಂದಿನಿಂದ ಚಿಗರಿಯನ್ನು ಗೂಟಕ್ಕೆ ಕಟ್ಟಿದರು. ಓಡಿ ಬೆಳೆದ ಪ್ರಾಣಿ, ಹಗ್ಗ ಜಗ್ಗಿ ಜಗ್ಗಿ ಕುತ್ತಿಗೆಯ ಕೂದಲು ಸವೆದು ಚರ್ಮ ಕೆಂಪಾಯಿತು. ಅನ್ನ ಮೂಸಿ ಬಿಡುತ್ತಿತ್ತು. ಹೊಳೆವ್ವ ಅದರ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಸವರುತ್ತ, ತನ್ನ ಕುತ್ತಿಗೆಯ ಗಾಯದ ಗೆರೆಯನ್ನೂ ಒಮ್ಮೊಮ್ಮೆ ಮುಟ್ಟಿಕೊಳ್ಳುತ್ತಿದ್ದಳು.

ದೀಪಾವಳಿಗೆ ಮಗಳು ಅಳಿಯ ಬಂದಾಗ ಇದೇ ಮಾತು. ಅಳಿಯ ಶಿವಾನಂದ ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಏನಾದರೂ ಕೆಟ್ಟಿದ್ದರೆ ಅಂದೇ ದುರಸ್ತಿಯಾಗಬೇಕೆನ್ನುವ ಮನುಷ್ಯ. ಹುಬ್ಬಳ್ಳಿಯಾಚೆ ನಾಯಿಗಳ ಶಾಲೆಯೊಂದಿದೆ, ಒಂದೂವರೆ ತಿಂಗಳು ನಾಯಿಯನ್ನು ಅಲ್ಲೇ ಇಟ್ಟುಕೊಂಡು ಕಲಿಸಿ ಕಳಿಸುತ್ತಾರೆ ಎಂದು ಅವನು ಎಲ್ಲ ವಿಚಾರಿಸಿಕೊಂಡೇ ಬಂದಿದ್ದ. ಅದಕ್ಕೆ ಅವನೇ ಹಾಸ್ಟೆಲ್ ಎಂದು ಹೆಸರಿಟ್ಟ. ಶೈಲಶ್ರೀಗೆ ಇನ್ನೊಂದು ಸುದ್ದಿ ಗೊತ್ತಿತ್ತು. ಹಿರೇಕೆರೂರಿನಲ್ಲಿ ವೇದಾ ಎಂಬುವವರಿದ್ದಾರೆ, ಸವಣೂರಿನ ಮನೆತನ, ಪುಣೆಯಲ್ಲಿ ಈ ವಿದ್ಯೆ ಕಲಿತು ಕೆಲಸ ಮಾಡಿದವರು, ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಇಲ್ಲಿಗೆ ಬಂದಿದ್ದಾರೆ, ವಾರಕ್ಕೊಮ್ಮೆ ಮನೆಗೇ ಬಂದು ಪಾಠ ಹೇಳುತ್ತಾರೆ ಎಂದಳು.

ವಾರಕ್ಕೊಂದು ತಾಸಿನ ಪಾಠದಿಂದ ಏನಾದೀತು ಎಂದು ಶಿವಾನಂದ ಕೇಳಿದ. ಉಳಿದ ದಿನ ಅಭ್ಯಾಸ ಮಾಡಿಸುವವರು ಯಾರು? ಮಾವ ಹೊಲದಲ್ಲಿರುತ್ತಾರೆ. ಅತ್ತೆಗಂತೂ... ಎಂದು ಅಲ್ಲಿಗೇ ನಿಲ್ಲಿಸಿದ. ಅವನು ನುಂಗಿದ ಮಾತು ಹೊಳೆವ್ವನಿಗೆ ಸ್ಪಷ್ಟವಾಗಿ ಕೇಳಿಸಿತು. ದನಿಯಿಲ್ಲದವಳು ನಾಯಿಗೆ ಏನು ಕಲಿಸಿಯಾಳು? ಅವಳಿಗೂ ಅದು ಖರೆ ಎನ್ನಿಸಿತು. ಹಾಸ್ಟೆಲ್ಲಿಗೇ ಆಗಲಿ ಎಂದು ತಲೆಯಾಡಿಸಿದಳು.

ಶಾಲೆ ಮಾವಿನ ತೋಪಿನ ನಡುವೆ ಇತ್ತು. ನಡೆಸುವವನು ಅಲ್ತಾಫ ಎಂಬ ನಡುವಯಸ್ಸಿನ ಗಟ್ಟಿಮುಟ್ಟಾದ ಮನುಷ್ಯ. ಗೂಡುಗಳು ಚೊಕ್ಕಟವಾಗಿದ್ದವು, ನಾಯಿಗಳು ಅವನನ್ನು ಕಂಡರೆ ಬಾಲ ಆಡಿಸುತ್ತಿದ್ದವು. ಅದನ್ನು ನೋಡಿ ಹೊಳೆವ್ವನಿಗೆ ಅರ್ಧ ಭಾರ ಇಳಿಯಿತು. ಕಡೆಯ ವಾರ ಮನೆಯವರೊಬ್ಬರು ಬಂದು ಇಲ್ಲೇ ಉಳಿದು ಕಲಿಯಬೇಕು, ಉಳಿಯಲು ಖೋಲಿ ಇದೆ, ನಾಯಿಗೆ ಎಷ್ಟು ಪಾಠವೋ ಸಾಕುವವರಿಗೂ ಅಷ್ಟೇ ಪಾಠ ಎಂದು ಅಲ್ತಾಫ ಒತ್ತಿ ಹೇಳಿದ. ಎಲ್ಲರೂ ಹೂಂ ಎಂದರು. ಆ ವಾರ ಬಂದಾಗ ಊರಿನಲ್ಲಿ ಗೋವಿನಜೋಳದ ರಾಶಿ, ಶೈಲಶ್ರೀಗೆ ಶಾಲೆಯ ಪರೀಕ್ಷೆ, ಶಿವಾನಂದನಿಗೆ ಲೈನಿನ ಕೆಲಸ. ಹೊಳೆವ್ವನೊಬ್ಬಳನ್ನೇ ಕಳಿಸುವ ಯೋಚನೆ ಯಾರಿಗೂ ಬರಲಿಲ್ಲ, ಅವಳಿಗೂ ಬರಲಿಲ್ಲ. ಅಲ್ತಾಫ ಫೋನು ಮಾಡಿ ನೆನಪಿಸಿದ. ಮುಂದೆ ನೋಡೋಣ ಎಂದರು.

ಕರೆತರಲು ಹೋದಾಗ ಚಿಗರಿಗೆ ಮೈ ತುಂಬಿತ್ತು, ಕುತ್ತಿಗೆಯ ಗಾಯ ಮಾಯ್ದು ಹೊಸ ಕೂದಲು ಬಂದಿತ್ತು. ಅಲ್ತಾಫ ತೋಪಿನ ಬಾಗಿಲಲ್ಲಿ ನಿಂತು "ಬೈಠ್" ಎಂದರೆ ಪಟ್ಟನೆ ಕೂತಿತು, "ಆವೋ" ಎಂದರೆ ಬಾಣದಂತೆ ಬಂತು. ಶಿವಾನಂದ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡ. ಊರಿಗೆ ಬಂದ ಮೇಲೆ ಶಿದ್ಲಿಂಗಪ್ಪ ಗಡುಸಾಗಿ ಬೈಠ್ ಎಂದ. ಕೂತಿತು. ಅವನು ಮೀಸೆಯ ಮೇಲೆ ಕೈಯಾಡಿಸಿಕೊಂಡ. ಆಮೇಲೆ ಹೊಳೆವ್ವ ಅದರ ಮುಂದೆ ಬಗ್ಗಿ ತನ್ನ ಪಿಸುಮಾತಿನಲ್ಲಿ ಅದನ್ನೇ ಹೇಳಿದಳು. ಚಿಗರಿ ಅವಳ ಮುಖ ನೆಕ್ಕಿತು, ಬಾಲ ಬೀಸಿತು, ಎದ್ದು ಹೋಯಿತು.

ಎಂಟು ದಿನ ಕಳೆಯುವುದರೊಳಗೆ ಅದು ಪಕ್ಕದ ಮನೆಯ ಆಡುಗಳನ್ನು ಓಣಿತುಂಬ ಅಟ್ಟಾಡಿಸಿತು. ಶಿದ್ಲಿಂಗಪ್ಪ ಮನೆಯಲ್ಲಿರಲಿಲ್ಲ. ನೆರೆಯವರು ಬಡಿಗೆ ತಂದು ಬಿಡಿಸಿದರು. ಚಿಗರಿ ಮತ್ತೆ ಗೂಟಕ್ಕೆ ಬಿತ್ತು.

ಸಂಕ್ರಾಂತಿಯ ರಜೆಗೆ ಮತ್ತೆ ಎಲ್ಲರೂ ಸೇರಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಹಿಂಡಿಯ ಊಟದ ನಡುವೆ ಮತ್ತೆ ನಾಯಿಯ ಮಾತು. ಇನ್ನೊಂದು ಸಲ ಹಾಸ್ಟೆಲ್ಲಿಗೆ ಹಾಕಿದರೆ ಪಾಠ ಗಟ್ಟಿಯಾದೀತೆಂದು ಶಿವಾನಂದ, ಯಾರಾದರೂ ತೋಟದವರಿಗೆ ಕೊಟ್ಟುಬಿಡೋಣವೆಂದು ಶಿದ್ಲಿಂಗಪ್ಪ, ಅದೂ ಬೇಡ ಇದೂ ಬೇಡವೆಂದು ಶೈಲಶ್ರೀ. ಹೊಳೆವ್ವ ಏನೋ ಹೇಳಿದಳು. ಕೇಳಿಸಲಿಲ್ಲ. ಮತ್ತೆ ಹೇಳಿದಳು. ಆಗಲೂ ಕೇಳಿಸಲಿಲ್ಲ. ಆಗ ಅವಳು ಅಂಗೈ ತೆರೆದು ನೆಲಕ್ಕೆ ಬಲವಾಗಿ ಬಡಿದಳು. ಬಳೆಗಳು ಖಣಲ್ಲೆಂದವು, ಹಿಂಡಿಯ ಬಟ್ಟಲು ಹಾರಿಬಿತ್ತು. ಮೂವರೂ ಬಾಯಿ ಮುಚ್ಚಿ ಅವಳ ಕಡೆ ತಿರುಗಿದರು.

"ನಾಯಿ ಕಲ್ತ ಬಂದೈತಿ," ಎಂದಳು ಹೊಳೆವ್ವ. ಮನೆ ಅಷ್ಟು ನಿಶ್ಶಬ್ದವಾಗಿದ್ದರಿಂದ ಪ್ರತಿ ಅಕ್ಷರವೂ ಕೇಳಿಸಿತು. "ಕಲೀಲಾರದಾಕಿ ನಾನು. ನನಗ ಕಲಸೂವ್ರನ್ನ ಕರೀರಿ."

ಮುಂದಿನ ರವಿವಾರ ವೇದಾ ಸ್ಕೂಟರಿನ ಮೇಲೆ ಬಂದಿಳಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬಿಸಿಲಿಗೆ ತಲೆಗೊಂದು ಟವೆಲ್ಲು ಕಟ್ಟಿಕೊಂಡಿದ್ದರು. ಬಂದವರು ನಾಯಿಯನ್ನು ಮುಟ್ಟಲೇ ಇಲ್ಲ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಹೊಳೆವ್ವ ನಡೆದಾಡುವುದನ್ನೂ ಚಿಗರಿ ಅವಳನ್ನು ನೋಡುವುದನ್ನೂ ಗಮನಿಸಿದರು. ಆಮೇಲೆ ನಾಯಿಯನ್ನು ಕರೆಯಿರಿ ಎಂದರು. ಹೊಳೆವ್ವನ ಮುಖ ಸಣ್ಣದಾಯಿತು. ಪಿಸುಗುಟ್ಟಿದಳು. ಚಿಗರಿ ಕಿವಿ ನಿಮಿರಿಸಿ ಅವಳನ್ನೇ ನೋಡಿತು, ಏನೆಂದು ತಿಳಿಯದೆ ಸುಮ್ಮನಾಯಿತು.

"ನೋಡಿದ್ರೇನು ಅವ್ವಾರ? ಅದು ನಿಮ್ಮ ಮುಖದ ಮ್ಯಾಲಿನ ಕಣ್ಣು ತಗೀಲಿಲ್ಲ," ಎಂದರು ವೇದಾ. "ಇದು ಕಣ್ಣಿಲೆ ಬೇಟೆ ಆಡೂ ಜಾತಿ. ಕಿವಿ ಅದಕ್ಕ ಆಮ್ಯಾಲಿನ ಮಾತು. ಇಷ್ಟ ದಿವಸ ಎಲ್ಲಾರೂ ಅದಕ್ಕ ದನೀಲೆ ಕಲಸ್ಯಾರ. ನಾವು ಕೈಲೆ ಕಲಸೋಣ. ದನಿ ನಮಗ ಬೇಕಾಗೂದೇ ಇಲ್ಲ."

ಹೊಳೆವ್ವ ಅವರ ಮುಖವನ್ನೇ ನೋಡಿದಳು. ಆಪರೇಶನ್ ಆದ ಮೇಲೆ ಅವಳಿಗೆ ಎಲ್ಲರೂ ಔಷಧ ಹೇಳಿದ್ದರು, ಹರಕೆ ಹೇಳಿದ್ದರು, ಸಮಾಧಾನ ಹೇಳಿದ್ದರು. ದನಿ ಬೇಕಾಗಿಲ್ಲ ಎಂದು ಹೇಳಿದವರು ಇವರೊಬ್ಬರೇ.

ಪಾಠ ಸುರುವಾಯಿತು. ಅಂಗೈ ಎತ್ತಿ ತೋರಿಸಿದರೆ ಕೂಡಬೇಕು. ಅದೇ ಅಂಗೈಯನ್ನು ನೆಲದ ಕಡೆ ಇಳಿಸಿದರೆ ಮಲಗಬೇಕು. ತೊಡೆ ತಟ್ಟಿದರೆ ಬರಬೇಕು. ಹೇಳಿದ್ದು ಮಾಡಿದರೆ ಆ ಕ್ಷಣಕ್ಕೆ ತುಪ್ಪ ಸವರಿದ ರೊಟ್ಟಿಯ ಚೂರು ಕೊಡಬೇಕು. ಅಲ್ತಾಫನ ಕೆಲಸವನ್ನು ವೇದಾ ಹಳಿಯಲಿಲ್ಲ. ಅವರು ಬುನಾದಿ ಗಟ್ಟಿ ಹಾಕಿದ್ದಾರೆ, ಇಲ್ಲದಿದ್ದರೆ ಮೊದಲಿನಿಂದ ಸುರುಮಾಡಬೇಕಿತ್ತು ಎಂದರು.

ತಪ್ಪುತ್ತಿದ್ದದ್ದು ಹೊಳೆವ್ವನೇ. ಕೂಗಿ ಕೂಗಿ ರೂಢಿಯಾದವಳು, ಈಗ ಕೈಯನ್ನೇ ಕೂಗಿನಂತೆ ಮತ್ತೆ ಮತ್ತೆ ಬೀಸುತ್ತಿದ್ದಳು. ನಾಯಿಗೆ ಯಾವುದು ಮಾತು, ಯಾವುದು ಬರೀ ಗಾಬರಿ ಎಂದು ತಿಳಿಯುತ್ತಿರಲಿಲ್ಲ. ಒಮ್ಮೆ ತೋರಿಸಿ ಕಾಯಿರಿ, ಕೈ ಇಳಿಸಬೇಡಿರಿ ಎಂದು ವೇದಾ ಹೇಳುವರು. ಕಾಯುವುದು ಹೊಳೆವ್ವನಿಗೆ ಹೊಲದ ಕಳೆ ತೆಗೆಯುವುದಕ್ಕಿಂತ ಕಷ್ಟವಾಯಿತು. ರೊಟ್ಟಿಯ ಚೂರು ಕೊಡುವುದೂ ತಡವಾಗುತ್ತಿತ್ತು, ಅಷ್ಟರಲ್ಲಿ ನಾಯಿ ಎದ್ದು ನಿಂತಿರುತ್ತಿತ್ತು. ಎದ್ದು ನಿಂತದ್ದಕ್ಕೇ ರೊಟ್ಟಿ ಸಿಕ್ಕಿತೆಂದು ಅದು ತಿಳಿಯುತ್ತಿತ್ತು. ಹೀಗೆ ನಾಲ್ಕು ರವಿವಾರ ಹೋದವು. ಉಳಿದ ದಿನಗಳಲ್ಲಿ ಹೊಳೆವ್ವ ಬೆಳಿಗ್ಗೆ ಕಸ ಮುಸುರೆ ಮುಗಿಸಿ ಒಮ್ಮೆ, ಸಂಜೆ ಬಿಸಿಲು ಇಳಿದ ಮೇಲೆ ಒಮ್ಮೆ, ಕುಯಿಲಾಗಿ ಬಯಲಾದ ಹೊಲದಲ್ಲಿ ಉದ್ದ ಹಗ್ಗ ಹಿಡಿದು ಅಭ್ಯಾಸ ಮಾಡಿದಳು.

ಒಂದು ಸಂಜೆ ಚಿಗರಿ ಮೊಲವೊಂದನ್ನು ಕಂಡು ಜಿಗಿಯಿತು. ಹಗ್ಗ ಅವಳ ಅಂಗೈ ಸುಲಿಯಿತು, ಅವಳು ಹತ್ತಿಕಟ್ಟಿಗೆಯ ಮೇಲೆ ಬೋರಲು ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ಶಿದ್ಲಿಂಗಪ್ಪ ಓಡಿಬಂದು ಅವಳನ್ನು ಎತ್ತಿ, ಸಾಕು ಬಿಡು ಈ ಹುಚ್ಚು ಎಂದ. ಅವನ ಕಣ್ಣಲ್ಲಿ ನೀರಿತ್ತು. ಹೊಳೆವ್ವ ಸೆರಗಿನಿಂದ ರಕ್ತ ಒರೆಸಿಕೊಂಡಳು. ಮೊಲ ತಪ್ಪಿಸಿಕೊಂಡ ಮೇಲೆ ಚಿಗರಿ ದೂರದಲ್ಲಿ ನಿಂತು ತಿರುಗಿ ನೋಡಿತು. ಅವಳು ಗಂಡನ ಕೈ ಬಿಡಿಸಿಕೊಂಡು ಎದ್ದು, ತೊಡೆ ಒಂದೇ ಸಲ ತಟ್ಟಿ ಕಾದಳು. ನಾಯಿ ಅನುಮಾನಿಸಿತು. ಆಮೇಲೆ ಓಡೋಡಿ ಬಂತು. ಹೊಳೆವ್ವ ಆ ಕ್ಷಣಕ್ಕೇ ರೊಟ್ಟಿ ಕೊಟ್ಟಳು. ಶಿದ್ಲಿಂಗಪ್ಪ ನೆಲದ ಮೇಲೆ ಕೂತು ನೋಡುತ್ತಲೇ ಇದ್ದ. ಮರುದಿನ ಅವನು ಯಾರೂ ಹೇಳದೆಯೇ ಹಗ್ಗಕ್ಕೆ ಹಳೆಯ ಬಟ್ಟೆ ಸುತ್ತಿ ಮೆತ್ತಗೆ ಮಾಡಿಕೊಟ್ಟ.

ಆದರೆ ಕೈಸನ್ನೆಗೆ ಒಂದು ಕೊರತೆಯಿತ್ತು. ನಾಯಿ ಬೆನ್ನು ತಿರುಗಿಸಿ ಓಡುವಾಗ ಕೈ ಕಾಣುವುದಿಲ್ಲ. ಅದಕ್ಕೆ ವೇದಾ ಒಂದು ಸೀಟಿ ತಂದುಕೊಟ್ಟರು. ಊದಿದರೆ ನಾಯಿ ನಿಂತು ತಿರುಗಬೇಕು, ತಿರುಗಿದ ಮೇಲೆ ಕೈ ಮಾತಾಡಬೇಕು. ಹೆಂಗಸು ಹೊಲದಲ್ಲಿ ನಿಂತು ಸೀಟಿ ಊದಿದರೆ ಮಂದಿ ನಗುತ್ತಾರೆಂದು ಶಿದ್ಲಿಂಗಪ್ಪ ಅಳುಕಿದ. ಮಂದಿ ನಕ್ಕರು. ಹೊಳೆವ್ವ ಊದಿದಳು. ಮೊದಲ ದಿನ ರಸ್ತೆಯ ಮೇಲೆ ಹೊರಟಿದ್ದ ಹಿರೇಕೆರೂರಿನ ಬಸ್ಸು ಸೀಟಿಯ ಸದ್ದಿಗೆ ಗಕ್ಕನೆ ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಕಂಡಕ್ಟರು ಬಾಗಿಲಲ್ಲಿ ನಿಂತು ಬಯಲಲ್ಲಿ ಸೀಟಿ ಹಿಡಿದ ಹೆಂಗಸನ್ನು ಕಂಡು ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟ. ಅಂದು ಹೊಳೆವ್ವನೂ ಭುಜ ಕುಣಿಸಿ ನಕ್ಕಳು, ಸದ್ದಿಲ್ಲದ ನಗು. ಮರುದಿನದಿಂದ ಉದ್ದಕ್ಕೆ ಊದುವ ಬದಲು ಎರಡು ತುಂಡು ಸೀಟಿ ಊದತೊಡಗಿದಳು. ಬಸ್ಸಿಗೂ ನಾಯಿಗೂ ಗೊಂದಲ ತಪ್ಪಿತು.

ಕೋಳಿಗಳ ನಡುವೆ ಕಲಿಸಿದ್ದಾಯಿತು. ಪಕ್ಕದ ಮನೆಯವರನ್ನು ಒಪ್ಪಿಸಿ ಆಡುಗಳ ಮುಂದೆ ಕಲಿಸಿದ್ದಾಯಿತು. ಯುಗಾದಿ ಕಳೆಯಿತು, ಬಸವ ಜಯಂತಿ ಕಳೆಯಿತು. ಮೈಲಾರಲಿಂಗನ ಹಿಂಡು ಹಂಸಭಾವಿ ದಾಟಿದೆ ಎಂಬ ಸುದ್ದಿ ಬಂತು.

ಅವನು ಹಿಂಡನ್ನು ಜೊತೆಯವರಿಗೆ ಬಿಟ್ಟು ಒಂದು ದಿನ ಮುಂಚೆ ಹೆಂಡತಿ ಮಕ್ಕಳನ್ನು ನೋಡಲು ಊರಿಗೆ ಬಂದಿದ್ದ. ಹೊಳೆವ್ವ ಯಾರನ್ನೂ ಕರೆದುಕೊಳ್ಳದೆ ಅವನ ಮನೆಗೆ ನಡೆದಳು. ದನಿ ಹೋದ ಮೇಲೆ ಅವಳು ಒಬ್ಬಳೇ ಇನ್ನೊಬ್ಬರ ಮನೆಯ ಬಾಗಿಲಿಗೆ ಮಾತಾಡಲು ಹೋದದ್ದು ಅದೇ ಮೊದಲು. ಮೈಲಾರಲಿಂಗ ಅವಳ ಮಾತು ಕೇಳಲು ಬಗ್ಗಿ ಕಿವಿ ಹತ್ತಿರ ತರಬೇಕಾಯಿತು.

"ನಾಳೆ ನಿನ್ನ ಹಿಂಡು ಬರೂ ಬಂಡಿದಾರ್ಯಾಗ ಚಿಗರೀನ ಕರಕೊಂಡು ನಿಂದರ್ತೇನಿ," ಎಂದಳು. "ನೀ ಬಡಿಗಿ ಹಿಡಕೊಂಡು ನನ್ನ ಮಗ್ಗಲಕ ನಿಂದ್ರು. ತಪ್ಪಿತಂದ್ರ ನಾನ ಅದನ್ನ ಊರು ಬಿಡಸ್ತೇನಿ."

ಮೈಲಾರಲಿಂಗ ನಾಯಿಗೆ ಹಗ್ಗ ಇರಬೇಕು ಎಂದ. ಹೊಳೆವ್ವ ಒಪ್ಪಿದಳು.

ಮರುದಿನ ಹೊತ್ತು ಏರುವ ಮುಂಚೆಯೇ ಬಂಡಿದಾರಿಯ ಎರಡೂ ಕಡೆ ಜನ ಸೇರಿದ್ದರು. ಹಾನಗಲ್ಲಿನಿಂದ ಶೈಲಶ್ರೀ ಮತ್ತು ಶಿವಾನಂದ ಬಂದಿದ್ದರು. ವೇದಾ ದೂರದಲ್ಲಿ ಬೇವಿನ ಗಿಡದ ಕೆಳಗೆ ಸ್ಕೂಟರಿಗೆ ಒರಗಿ ನಿಂತಿದ್ದರು, ಹತ್ತಿರ ಬರಲಿಲ್ಲ. ಹೊಳೆವ್ವ ದಾರಿಯ ಪಕ್ಕದ ಬಯಲಿನಲ್ಲಿ ನಿಂತಿದ್ದಳು, ಕಾಲ ಬಳಿ ಚಿಗರಿ, ಮಗ್ಗುಲಲ್ಲಿ ಬಡಿಗೆ ಹಿಡಿದ ಮೈಲಾರಲಿಂಗ.

ಮೊದಲು ಧೂಳು ಕಂಡಿತು, ಆಮೇಲೆ ಗಂಟೆಯ ಸದ್ದು, ಆಮೇಲೆ ಹಿಂಡು. ಚಿಗರಿಯ ಮೈ ನಡುಗಿತು, ಮೂಗು ಅರಳಿತು. ಹೊಳೆವ್ವ ಅಂಗೈಯನ್ನು ನೆಲದ ಕಡೆ ಇಳಿಸಿದಳು. ನಾಯಿ ಹೊಟ್ಟೆಯೂರಿ ಮಲಗಿತು. ಕುರಿಗಳು ಮಾರು ದೂರದಲ್ಲಿ ಹಾದುಹೋಗತೊಡಗಿದವು. ಅರ್ಧ ಹಿಂಡು ದಾಟಿತು. ಮೈಲಾರಲಿಂಗ ಬಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹಗ್ಗ ಬಿಡಬೇಕಾದರೆ ಬಿಡು ಎಂಬಂತೆ ತಲೆಯಾಡಿಸಿದ. ಹೊಳೆವ್ವ ಬಗ್ಗಿ ಹಗ್ಗದ ಕೊಂಡಿ ಬಿಚ್ಚಿದಳು. ಶಿದ್ಲಿಂಗಪ್ಪ ಅತ್ತ ಮುಖ ತಿರುಗಿಸಿಕೊಂಡ.

ಆಗಲೇ ಒಂದು ಎಳೆಯ ಮರಿ ಬೆದರಿ ಹಿಂಡಿನಿಂದ ಕಿತ್ತುಕೊಂಡು ಬಯಲಿಗೆ ಓಡಿತು. ಓಡುವ ಪ್ರಾಣಿಯನ್ನು ಕಂಡ ಚಿಗರಿಯ ರಕ್ತ ಸುಮ್ಮನಿದ್ದೀತೆ? ಮಿಂಚಿನಂತೆ ಎದ್ದು ಹಾರಿತು. ಜನರ ಬಾಯಿಂದ ಒಂದೇ ಸಲ ಅಯ್ಯೋ ಎಂಬ ಉಸಿರು ಬಂತು. ಮೈಲಾರಲಿಂಗನ ಬಡಿಗೆ ಮೇಲೆದ್ದಿತು.

ಎರಡು ತುಂಡು ಸೀಟಿ ಕೇಳಿಸಿತು.

ಚಿಗರಿ ನಾಲ್ಕೂ ಕಾಲು ಮಣ್ಣಿಗೆ ಊರಿ ಜಾರುತ್ತ ನಿಂತಿತು. ಧೂಳೆದ್ದಿತು. ಕತ್ತು ತಿರುಗಿಸಿ ನೋಡಿತು. ದೂರದಲ್ಲಿ ಹೊಳೆವ್ವ ಅಂಗೈ ಎತ್ತಿ ನಿಂತಿದ್ದಳು. ಬೀಸಲಿಲ್ಲ, ನಡುಗಿಸಲಿಲ್ಲ, ಇಳಿಸಲಿಲ್ಲ. ಚಿಗರಿ ಮರಿಯನ್ನೊಮ್ಮೆ ನೋಡಿತು, ಅವಳ ಕೈಯನ್ನೊಮ್ಮೆ ನೋಡಿತು, ನಿಧಾನಕ್ಕೆ ಕೂತಿತು. ಅಂಗೈ ಕೆಳಗಿಳಿಯಿತು. ಮಲಗಿತು. ತಾಯಿಯನ್ನು ಹುಡುಕುತ್ತ ಮರಿ ತಿರುಗಿ ಓಡಿಬಂದು, ಮಲಗಿದ ನಾಯಿಯ ಮೂಗಿನ ಮುಂದೆಯೇ ಹಾದು ಹಿಂಡು ಸೇರಿಕೊಂಡಿತು. ಉಳಿದ ಕುರಿಗಳು ಆಕಡೆ ಈಕಡೆ ಒಡೆದು, ಹಳ್ಳದ ನೀರು ಬಂಡೆಯನ್ನು ಬಳಸಿ ಹೋದಂತೆ ಚಿಗರಿಯನ್ನು ಬಳಸಿ ಹೋದವು. ಅದು ಕಿವಿ ಕೂಡ ಆಡಿಸಲಿಲ್ಲ. ಅದರ ಕಣ್ಣು ಹೊಳೆವ್ವನ ಕೈಯ ಮೇಲೆಯೇ ಇತ್ತು.

ಹಿಂಡು ದಾಟಿ ಧೂಳು ಇಳಿದ ಮೇಲೆ ಅವಳು ತೊಡೆ ತಟ್ಟಿದಳು. ಚಿಗರಿ ಬಂದು ಅವಳ ಮೈಮೇಲೆ ಬಿತ್ತು. ಶಿವಾನಂದ ಮೊಬೈಲು ತೆಗೆಯುವುದನ್ನೇ ಮರೆತು ನಿಂತಿದ್ದ. ಶಿದ್ಲಿಂಗಪ್ಪ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತ, ನಮ್ಮಾಕಿ ನೋಡ್ರಿ, ನಮ್ಮಾಕಿ ಎಂದು ಗುರುತಿದ್ದವರಿಗೂ ಇಲ್ಲದವರಿಗೂ ಹೇಳತೊಡಗಿದ. ವೇದಾ ಬೇವಿನ ಗಿಡದ ಕೆಳಗಿಂದ ಎರಡೂ ಕೈ ಮೇಲೆತ್ತಿ ತೋರಿಸಿದರು.

ಮೈಲಾರಲಿಂಗ ಬಡಿಗೆಯನ್ನು ನೆಲಕ್ಕೆ ಊರಿ ಅವಳ ಕಡೆ ತಿರುಗಿದ.

"ಯಕ್ಕಾ, ನಮ್ಮ ಕರಿಯಾ ಹಿಂಡು ಕಾಯ್ತೈತಿ ಖರೆ, ದಾರಿ ಮಂದೀಗೆಲ್ಲಾ ಬಾಯಿ ಹಾಕ್ತೈತಿ. ಅದಕ್ಕೂ ಒಂದಿಷ್ಟು ಕಲಸ್ತಿ ಏನು?"

ಹೀಗೆ ಹೊಳೆವ್ವನ ಎರಡನೆಯ ನಾಯಿ ಕರಿಯಾ. ಮೂರನೆಯದು ಗಿರಣಿಯವರದು. ಆಮೇಲೆ ವೇದಾ ತಮ್ಮ ಪಾಠಗಳಿಗೆ ಅವಳನ್ನು ಜೊತೆಗೆ ಕರೆದೊಯ್ಯತೊಡಗಿದರು. ಕೂಗಾಡಿ ಕೂಗಾಡಿ ನಾಯಿಯನ್ನು ಕೆಡಿಸಿಕೊಂಡ ಮನೆಗಳಲ್ಲಿ ಹೊಳೆವ್ವನ ಮೌನದ ಪಾಠಕ್ಕೆ ಬೇಗ ಫಲ ಸಿಗುತ್ತಿತ್ತು. ಅವಳು ಪಿಸುಗುಟ್ಟುವಾಗ ಮನೆಯವರು ಕೈಕೆಲಸ ಬಿಟ್ಟು, ಟಿ.ವಿ. ಆರಿಸಿ ಹತ್ತಿರ ಬಂದು ಕೂಡುತ್ತಿದ್ದರು.

ಹಾಸ್ಟೆಲ್ ಮೇಲೋ, ಮನೆಪಾಠ ಮೇಲೋ ಎಂದು ಕೇಳಲು ಜನ ಬರುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡುವವಳಲ್ಲ ಅವಳು. ಶಿಗ್ಗಾವಿಯಿಂದ ಮಲ್ಲಿಕಾ ಎಂಬ ನರ್ಸಮ್ಮ ಬಂದಿದ್ದಳು. ಗಂಡ ಹೆಂಡತಿ ಇಬ್ಬರಿಗೂ ಪಾಳಿಯ ಕೆಲಸ, ಮನೆಯಲ್ಲಿ ಅಂಬೆಗಾಲಿಡುವ ಕೂಸು, ನಾಯಿ ಕಂಡಕಂಡವರ ಮೇಲೆ ಹಾರುತ್ತಿತ್ತು. ಮನೆಪಾಠದವಳೇ ಆದ ಹೊಳೆವ್ವ ಅವಳನ್ನು ಅಲ್ತಾಫನ ತೋಪಿಗೆ ಕಳಿಸಿದಳು.

"ಮನ್ಯಾಗ ದಿನಾ ಕಲಿಯೂವ್ರು ಇದ್ರ ಮನೆಪಾಠ ಚಲೋ. ನಿಮ್ಮನ್ಯಾಗ ಈಗ ಪುರಸೊತ್ತಿಲ್ಲ, ಕೂಸು ಐತಿ. ಹಾಸ್ಟೆಲ್ಲಿಗೆ ಹಾಕ್ರಿ," ಎಂದಳು. "ಆದ್ರ ಕಡೀ ವಾರ ರಜಾ ಹಾಕಿ ನೀನೂ ಹೋಗಿ ಅಲ್ಲೇ ಇರಬೇಕವ್ವ. ನಾವು ಹೋಗಲಿಲ್ಲ, ಅದಕ್ಕ ಕೆಟ್ವಿ."

ಮಲ್ಲಿಕಾ ಹೋಗಿ ಉಳಿದಳು. ಈಗ ಆ ನಾಯಿ ತೊಟ್ಟಿಲ ಬುಡದಲ್ಲಿ ಮಲಗುತ್ತದೆ.

ಕಳೆದ ಮಳೆಗಾಲದ ಹೊತ್ತಿಗೆ ಸವಣೂರಿನ ವೀಳ್ಯದ ಎಲೆಬಳ್ಳಿ ತೋಟದ ಉಸ್ಮಾನಸಾಬರಿಂದ ಬುಲಾವ್ ಬಂತು. ಅವರ ಕಾವಲು ನಾಯಿ ಶೇರು ಎಲೆ ಕೊಯ್ಯುವ ಆಳುಗಳನ್ನೇ ತೋಟದೊಳಗೆ ಬಿಡುತ್ತಿರಲಿಲ್ಲ. ವೇದಾ ಅಂದು ಬೇರೆ ಊರಿನಲ್ಲಿದ್ದರು. ಹೊಳೆವ್ವ ಒಬ್ಬಳೇ ಹಾವೇರಿಯಲ್ಲಿ ಬಸ್ಸು ಬದಲಿಸಿ ಹೋದಳು. ಒಂದೇ ದಿನದ ಕೆಲಸವಾಗಿರಲಿಲ್ಲ ಅದು. ಉಸ್ಮಾನಸಾಬರಿಗೆ ಗದರುವ ಚಟ, ಅದನ್ನು ಬಿಡಿಸುವುದಕ್ಕೇ ವಾರಗಳು ಹಿಡಿದವು. ಅವರ ಹೆಂಡತಿ ಇಮಾಮಬಿ ಬೇಗ ಕಲಿತಳು, ಗಂಡನಿಗೆ ಅವಳೇ ತಿದ್ದಿ ಹೇಳುತ್ತಿದ್ದಳು.

ಶ್ರಾವಣದ ಒಂದು ಬೆಳಿಗ್ಗೆ ಎಲೆ ಕೊಯ್ಯುವವರು ಬೇಲಿಯ ಹೊರಗೆ ಸಾಲಾಗಿ ನಿಂತರು. ಎಲ್ಲರ ಮುಂದೆ ಯಲ್ಲಪ್ಪ. ಹಿಂದೊಮ್ಮೆ ಶೇರುವಿನ ಹಲ್ಲಿಗೆ ಕಾಲಿನ ಮೀನಖಂಡ ಕೊಟ್ಟವನು. ಉಸ್ಮಾನಸಾಬರು ಹೊಳೆವ್ವನ ಮುಖ ನೋಡಿದರು. ಅವಳು ನೀವೇ ಮಾಡಿರಿ ಎಂದು ಕಣ್ಣಲ್ಲೇ ಹೇಳಿದಳು. ಅವರು ತುಟಿ ಬಿಗಿದು, ಅಂಗೈ ಒಂದೇ ಸಲ ಇಳಿಸಿ ಕಾದರು. ಶೇರು ಬಳ್ಳಿ ಹಬ್ಬಿಸಿದ ಅಗಸೆ ಗಿಡದ ಬುಡದಲ್ಲಿ ಗುಡ್ಡದಂತೆ ಕುಸಿದು ಮಲಗಿತು. ಯಲ್ಲಪ್ಪ ಉಸಿರು ಬಿಗಿಹಿಡಿದು ಒಳಗೆ ಕಾಲಿಟ್ಟ. ಏನೂ ಆಗಲಿಲ್ಲ. ಅವನ ಹಿಂದೆ ಉಳಿದವರೂ ಬಂದರು. ನೆರಳಿನ ತಂಪಿನಲ್ಲಿ ಎಲೆ ಕೀಳುವ ಚಟಚಟ ಸದ್ದು ಸುರುವಾಯಿತು. ಹೊತ್ತು ನೆತ್ತಿಗೇರುವಾಗ ಯಲ್ಲಪ್ಪ ಶೇರುವಿನ ಮಗ್ಗುಲಲ್ಲೇ ಕಾಲು ಚಾಚಿ ಕೂತು ಎಲೆಯ ಕಟ್ಟು ಕಟ್ಟುತ್ತಿದ್ದ.

ಇಮಾಮಬಿ ಚಹಾ ತಂದಳು. ಉಸ್ಮಾನಸಾಬರು ತೋಟದ ಎಳೆಯ ಎಲೆಗಳ ಒಂದು ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹೊಳೆವ್ವನ ಮುಂದಿಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ಪಕ್ಕದ ತೋಟದ ಯಜಮಾನ, ಹಗ್ಗ ಜಗ್ಗುತ್ತಿದ್ದ ಒಂದು ಪುಂಡ ನಾಯಿಯನ್ನು ಹಿಡಿದು ಬೇಲಿಯ ಬಳಿ ಬಂದು ನಿಂತಿದ್ದ. ಹೊಳೆವ್ವ ಚಹಾ ಮುಗಿಸಿ, ಸೀರೆಯ ಮಣ್ಣು ಕೊಡವಿ, ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಅತ್ತ ನಡೆದಳು.